ಇಳಿಯದೇ ಹೋದ ಗುರುವಾರ

ಆ ಗುರುವಾರ ನಾನು ಬಸ್ಸಿನಿಂದ ಇಳಿಯಲಿಲ್ಲ. ನಿದ್ದೆ ಹತ್ತಿ ಹಾಗಾಗಿರಬೇಕು ಎಂದು ಆಮೇಲೆ ಬಹಳ ಜನ ತಿಳಿದುಕೊಂಡರು. ನಿದ್ದೆ ಬಂದಿರಲಿಲ್ಲ. ಶಿಕಾರಿಪುರದಿಂದ ಹೊರಟ ಬಸ್ಸು ಶಿರಾಳಕೊಪ್ಪದಲ್ಲಿ ಹತ್ತು ನಿಮಿಷ ನಿಂತದ್ದು, ಅಲ್ಲಿ ಹತ್ತಿದ ಹೆಂಗಸೊಬ್ಬಳು ಮೆಣಸಿನ ಸಸಿಯ ಕಟ್ಟನ್ನು ನನ್ನ ಕಾಲ ಬುಡದಲ್ಲಿ ಇಟ್ಟದ್ದು, ತಿರುವಿನಲ್ಲಿ ಅದು ವಾಲಿ ಹಸಿಮಣ್ಣು ನನ್ನ ಚಪ್ಪಲಿಗೆ ಮೆತ್ತಿದ್ದು, ಎಲ್ಲ ನೆನಪಿದೆ. ನಾನು ಕೆಲಸ ಮಾಡುವ ಊರಿನ ನಿಲ್ದಾಣವೂ ಕಂಡಿತು. ರಸ್ತೆಯ ಆಚೆ ಅಂಗನವಾಡಿ, ಅದರ ಜಗಲಿಯ ಮೇಲೆ ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡ ನಾಲ್ಕೈದು ತಾಯಂದಿರು, ಮೇಜನ್ನು ಹೊರಗೆ ಎಳೆಯುತ್ತಿದ್ದ ಆಶಾ ಕಾರ್ಯಕರ್ತೆ. ಗುರುವಾರ ನಮ್ಮಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ. ಲಸಿಕೆಯ ನೀಲಿ ಡಬ್ಬಿ ಆಗಲೇ ಬಂದು ಮೇಜಿನ ಕೆಳಗಿತ್ತು. ಇನ್ನು ಬರಬೇಕಾದವಳು ನಾನೊಬ್ಬಳೇ.

"ಸಿಸ್ಟ್ರೇ, ನಿಮ್ ಸ್ಟಾಪ್ ಬಂತ್ರಿ" ಎಂದ ಕಂಡಕ್ಟರ್. ವರ್ಷಗಟ್ಟಲೆ ನೋಡಿ ಪರಿಚಯವಾದವನು.

"ಇವತ್ತು ಸೊರಬಕ್ಕೆ ಹೋಗ್ಬೇಕು" ಎಂದೆ.

"ಮೀಟಿಂಗೇನ್ರಿ?"

"ಹೂಂ."

ಅವನು ಉಳಿದ ದೂರಕ್ಕೆ ಇನ್ನೊಂದು ಟಿಕೆಟ್ ಹರಿದು ಕೊಟ್ಟು ಸೀಟಿ ಊದಿದ. ಬಸ್ಸು ಹೊರಟಿತು. ಮೀಟಿಂಗ್ ಇರಲಿಲ್ಲ. ಆ ಸುಳ್ಳನ್ನು ನಾನು ಮೊದಲೇ ಯೋಚಿಸಿಟ್ಟುಕೊಂಡಿರಲೂ ಇಲ್ಲ. ಎದ್ದು ನಿಲ್ಲಬೇಕೆಂದು ಎದುರಿನ ಸೀಟಿನ ಕಂಬಿ ಹಿಡಿದಿದ್ದೆ. ಕೈ ಕಂಬಿಯ ಮೇಲೇ ಇತ್ತು, ಕಾಲು ಏಳಲಿಲ್ಲ. ಅಷ್ಟೇ.

ನಾನು ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಸರ್ಕಾರಿ ಕಾಗದದಲ್ಲಿ ಈ ಹುದ್ದೆಗೆ ಈಗ ಉದ್ದನೆಯ ಹೆಸರಿದೆ. ಜನರ ಬಾಯಲ್ಲಿ ಸಿಸ್ಟರ್, ವಯಸ್ಸಾದವರ ಬಾಯಲ್ಲಿ ನರ್ಸಮ್ಮ. ಮನೆ ಶಿಕಾರಿಪುರದಲ್ಲಿ. ಗಂಡ ಅಲ್ಲಿಯೇ ಶಾಲೆಯೊಂದರಲ್ಲಿ ಗುಮಾಸ್ತರು, ಮಗಳು ಪಿಯುಸಿ ಓದುತ್ತಾಳೆ, ಅತ್ತೆ ನಮ್ಮ ಜೊತೆಗಿದ್ದಾರೆ. ಹದಿನೇಳು ವರ್ಷ ಆ ದಾರಿಯಲ್ಲಿ ಓಡಾಡಿದ್ದೇನೆ. ತಾಳಗುಂದದ ಕಡೆಯ ಹೊಲಗಳಲ್ಲಿ ಮೆಕ್ಕೆಜೋಳ ಎಷ್ಟೆತ್ತರ ಬಂದಿದೆ ಎಂದು ನೋಡಿ ಯಾವ ತಿಂಗಳಿನ ವರದಿ ಬಾಕಿಯಿದೆ ಎಂದು ಹೇಳಬಲ್ಲೆ.

ಪಕ್ಕದ ಉಪಕೇಂದ್ರದ ನರ್ಸು ವರ್ಗವಾಗಿ ಹೋದಾಗ "ಸ್ವಲ್ಪ ದಿನ ನೀವೇ ನೋಡ್ಕೊಳ್ಳಿ" ಎಂದಿದ್ದರು. ಆ ಸ್ವಲ್ಪ ದಿನ ಎರಡು ವರ್ಷ ದಾಟಿತು. ಎರಡು ಕಡೆಯ ಬಸುರಿಯರು, ಬಾಣಂತಿಯರು, ಕೂಸುಗಳು, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು. ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಭಯ. ಕಾಡಿಗೆ ಸೊಪ್ಪು ಸೌದೆಗೆ ಹೋಗುವವರ ಮನೆಮನೆಗೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಹಂಚಬೇಕು, ಹಚ್ಚಿಕೊಂಡರೋ ಇಲ್ಲವೋ ಎಂದು ಮತ್ತೆ ಹೋಗಿ ಕೇಳಬೇಕು. ಮಾಡಿದ್ದನ್ನೆಲ್ಲ ಪುಸ್ತಕದಲ್ಲಿ ಒಮ್ಮೆ ಬರೆಯಬೇಕು, ಮೊಬೈಲಿನಲ್ಲಿ ಇನ್ನೊಮ್ಮೆ ತುಂಬಬೇಕು. ಒಂದು ಹಳ್ಳಿಯಲ್ಲಿ ಸಿಗ್ನಲ್ ಸಿಗದೆ ಕೆರೆ ಏರಿಯ ಮೇಲೆ ಹತ್ತಿ ನಿಂತು ತುಂಬುತ್ತಿದ್ದೆ. ಅರ್ಧ ತುಂಬಿದಾಗ ಅದು ಮತ್ತೆ ಮೊದಲಿನಿಂದ ಕೇಳುತ್ತಿತ್ತು.

ಇದನ್ನೆಲ್ಲ ದೂರು ಎಂದು ಬರೆಯುತ್ತಿಲ್ಲ. ಈ ಕೆಲಸ ನನಗೆ ಇಷ್ಟವಿತ್ತು. ಅದು ಯಾವಾಗ ಕೈಬಿಟ್ಟು ಹೋಯಿತೋ ತಿಳಿಯದು. ಮೊದಮೊದಲು ಸಿಟ್ಟು ಬರುತ್ತಿತ್ತು. ತಡವಾಗಿ ಬಂದ ತಾಯಂದಿರನ್ನು ಗದರುತ್ತಿದ್ದೆ, ಕಬ್ಬಿಣದ ಮಾತ್ರೆ ನುಂಗದೆ ಹಿತ್ತಿಲಿಗೆ ಎಸೆದವಳ ಮೇಲೆ ಕೂಗಾಡಿದ್ದೆ. ಆಮೇಲೆ ಸಿಟ್ಟೂ ಹೋಯಿತು. ಮಾತ್ರೆ ನುಂಗಿದಳೆಂದರೆ ಹೂಂ, ಇಲ್ಲವೆಂದರೂ ಹೂಂ. "ಸಿಸ್ಟ್ರು ಈಗ ಎಷ್ಟು ಸಮಾಧಾನ ಆಗಿದಾರೆ ನೋಡು" ಎಂದು ಜನ ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಮನೆಯಲ್ಲಿ ಮಗಳು ತನ್ನ ಕಾಲೇಜಿನ ಕಥೆ ಹೇಳುವಾಗ ಅವಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ತಲೆಗೆ ಹೋಗುತ್ತಿರಲಿಲ್ಲ.

ಹೀಗಿರುವಾಗಲೇ ನನ್ನ ಪಟ್ಟಿಯ ಒಬ್ಬ ಬಸುರಿ ತೀರಿಹೋದಳು.

ಇಪ್ಪತ್ನಾಲ್ಕು ವರ್ಷ. ಮೊದಲ ಬಸಿರು. ಪ್ರತಿ ತಿಂಗಳು ತಪ್ಪದೆ ಬರುತ್ತಿದ್ದಳು. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದನ್ನು ಒಂದು ಬಟ್ಟೆಯ ಚೀಲದಲ್ಲಿಟ್ಟು ತರುತ್ತಿದ್ದಳು. ಬಿಪಿ ಸರಿಯಿತ್ತು, ರಕ್ತ ಸರಿಯಿತ್ತು. ಬೆಳಿಗ್ಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದರು, ಹತ್ತು ಗಂಟೆಯ ಹೊತ್ತಿಗೆ ಗಂಡುಮಗು ಆಯಿತು. ಆಮೇಲೆ ರಕ್ತ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಗೆ ಕರೆದೊಯ್ಯುವಾಗ ಆಂಬ್ಯುಲೆನ್ಸಿನಲ್ಲಿಯೇ ಹೋಗಿಬಿಟ್ಟಳು. ಅವಳ ಜೊತೆ ಆಂಬ್ಯುಲೆನ್ಸಿನಲ್ಲಿ ಇದ್ದವಳು ನಮ್ಮ ಆಶಾ ಕಾರ್ಯಕರ್ತೆ. ನನಗಿಂತ ಐದಾರು ವರ್ಷ ದೊಡ್ಡವಳು, ನಾನು ಅಕ್ಕ ಎಂದೇ ಕರೆಯುತ್ತೇನೆ. ಫೋನು ಮಾಡಿ, "ಸಿಸ್ಟ್ರೇ, ಹೋತು" ಎಂದು ಒಂದೇ ಮಾತು ಹೇಳಿದಳು. ನಾನು ಆಗ ಇನ್ನೊಂದು ಉಪಕೇಂದ್ರದಲ್ಲಿ ಬಿಪಿ ನೋಡುತ್ತಿದ್ದೆ. "ಸರಿ" ಎಂದು ಫೋನಿಟ್ಟು, ಎದುರಿಗೆ ಕೂತಿದ್ದವರ ತೋಳಿಗೆ ಪಟ್ಟಿ ಸುತ್ತಿದೆ. ಉಳಿದ ಎಂಟು ಜನರದ್ದೂ ನೋಡಿ ಮುಗಿಸಿದೆ.

ತಾಯಿ ಸತ್ತರೆ ಮೇಲಿನವರು ಕೂತು ವಿಚಾರಣೆ ಮಾಡುತ್ತಾರೆ. ಮಾಡಲೇಬೇಕು, ಇನ್ನೊಬ್ಬಳು ಹಾಗೆ ಹೋಗಬಾರದು. ನಾನು ನನ್ನ ಪುಸ್ತಕಗಳನ್ನೆಲ್ಲ ಹೊತ್ತುಕೊಂಡು ಹೋಗಿ ನಿಂತೆ. ಯಾವ ತಿಂಗಳು ಯಾವ ಮಾತ್ರೆ, ಸಹಿ ಎಲ್ಲಿದೆ, ಈ ಕಲಂ ಯಾಕೆ ಖಾಲಿ. ಕಡೆಗೆ ಯಾರ ತಪ್ಪೂ ಅಲ್ಲ ಎಂದು ಬರೆದುಕೊಂಡರು. ಹೊರಗೆ ಬಂದು ನಾನೂ ಅಕ್ಕನೂ ಬೇರೆ ಬೇರೆ ಬಸ್ಸು ಹತ್ತಿದೆವು. ಆ ಹುಡುಗಿಯ ವಿಷಯ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ನಾನು ಅಳಲಿಲ್ಲ. ಅಳು ಬರಲಿಲ್ಲವಲ್ಲ ಎಂದು ನನಗೇ ಹೆದರಿಕೆಯಾಗಿತ್ತು.

ಒಂದೂವರೆ ತಿಂಗಳು ಕಳೆಯಿತು. ಬುಧವಾರ ಸಂಜೆ, ಮರುದಿನ ಚುಚ್ಚುಮದ್ದಿಗೆ ಬರಬೇಕಾದ ಮಕ್ಕಳ ಪಟ್ಟಿ ಬರೆಯಲು ಕೂತೆ. ಹೆಸರಿಡದ ಕೂಸುಗಳಿಗೆ ತಾಯಿಯ ಹೆಸರು ಬರೆದು, ಮುಂದೆ 'ಮಗು' ಎಂದು ಬರೆಯುವುದು ರೂಢಿ. ಆರನೆಯ ಸಾಲಿನಲ್ಲಿ ಅವಳ ಹೆಸರು ಬರೆಯಬೇಕಾಯಿತು. ಬರೆದು, ಮುಂದೆ ಮಗು ಎಂದು ಬರೆದೆ. ಒಂದೂವರೆ ತಿಂಗಳಿನ ಚುಚ್ಚುಮದ್ದು. ಅಕ್ಷರ ನೆಟ್ಟಗೇ ಇತ್ತು. ಮರುದಿನ ಬಸ್ಸಿನ ಕಿಟಕಿಯಿಂದ ನೋಡಿದಾಗ ಅಂಗನವಾಡಿಯ ಜಗಲಿಯ ತುದಿಯಲ್ಲಿ, ಉಳಿದವರಿಂದ ಸ್ವಲ್ಪ ದೂರ, ಆ ಕೂಸನ್ನು ಎತ್ತಿಕೊಂಡು ಅದರ ಅಜ್ಜಿ ಕೂತಿದ್ದಳು. ಸತ್ತವಳ ಅತ್ತೆ. ನನ್ನ ಕಾಲು ಏಳದೇ ಹೋದದ್ದು ಆಗ.

ಸೊರಬದ ಬಸ್ ನಿಲ್ದಾಣದಲ್ಲಿ ಇಳಿದು ಒಂದು ಕಲ್ಲು ಬೆಂಚಿನ ಮೇಲೆ ಕೂತೆ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಕ್ಕನ ಕರೆಗಳು. ಆರಿಸಿ ಚೀಲದ ತಳಕ್ಕೆ ಹಾಕಿದೆ. ಉಳವಿಯ ಕಡೆ ಹೋಗುವ ಬಸ್ಸು ಬಂತು, ಹೋಯಿತು. ಸಾಗರದ ಬಸ್ಸು ಬಂತು, ಹೋಯಿತು. ಮನೆಗೆ ಹೋಗಬೇಕು ಎಂದೂ ಅನ್ನಿಸಲಿಲ್ಲ. ಎಲ್ಲಿಗಾದರೂ ಓಡಿಹೋಗಬೇಕು ಎಂದೂ ಅನ್ನಿಸಲಿಲ್ಲ. ಹತ್ತಿರದಲ್ಲೇ ಗುಡವಿ ಇದೆ, ಮಗಳು ಚಿಕ್ಕವಳಿದ್ದಾಗ ಕೆರೆಯ ಹಕ್ಕಿ ತೋರಿಸಲು ಕರೆದುಕೊಂಡು ಹೋಗಿದ್ದೆವು, ಅಲ್ಲಿಗೆ ಹೋಗಿ ಕೂರಬಹುದಿತ್ತು. ಅದಕ್ಕೂ ಏಳಬೇಕಲ್ಲ.

ಪಕ್ಕದಲ್ಲಿ ಒಬ್ಬ ಮುದುಕಿ ಬಂದು ಕೂತಳು. ನನ್ನ ಕೊರಳಿನ ಗುರುತಿನ ಚೀಟಿ ನೋಡಿದಳು. ಮಡಿಲಿನಿಂದ ಮಾತ್ರೆಯ ಪೊಟ್ಟಣ ತೆಗೆದು, "ತಂಗಿ, ಇದು ಊಟಕ್ಕೆ ಮುಂಚೆ ತಗಳದಾ, ಊಟ ಆದ್ಮೇಲಾ? ಹೇಳಿದ್ರು, ಮರ್ತೋತು" ಎಂದಳು.

ನೋಡಿದೆ. ಬಿಪಿಯ ಮಾತ್ರೆ. ಹದಿನೇಳು ವರ್ಷದಿಂದ ನಾನೇ ಹಂಚುತ್ತಿರುವ ಮಾತ್ರೆ.

"ನಂಗೆ ಗೊತ್ತಿಲ್ಲಮ್ಮ" ಎಂದೆ.

ಅವಳು "ಹೌದಾ" ಎಂದು ಪೊಟ್ಟಣವನ್ನು ಮತ್ತೆ ಮಡಿಲಿಗೆ ಸೇರಿಸಿದಳು. ಬೇಸರ ಮಾಡಿಕೊಂಡಂತೆಯೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಬಸ್ಸು ಬಂತು. ಅವಳು ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋಗುವವರೆಗೂ ನೋಡುತ್ತಿದ್ದೆ. ಎದ್ದುಹೋಗಿ ಹೇಳಬಹುದಿತ್ತು. ಬಸ್ಸು ಹೋಯಿತು. ಈ ಜೀವನದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅದೊಂದನ್ನು ಈಗಲೂ ಸರಿಮಾಡಲಾಗಿಲ್ಲ. ಅವಳು ಯಾವ ಊರಿನವಳೋ ಗೊತ್ತಿಲ್ಲ.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅಕ್ಕ ಬಂದಳು. ವಾಪಸು ಹೊರಟ ಬಸ್ಸಿನ ಕಂಡಕ್ಟರು ಅಂಗನವಾಡಿಯ ಮುಂದೆ ನಿಲ್ಲಿಸಿ, "ಸಿಸ್ಟ್ರು ಸೊರಬದಾಗೆ ಇಳಿದ್ರು, ಯಾಕೋ ಮುಖ ಸರಿ ಇರ್ಲಿಲ್ಲ" ಎಂದು ಹೇಳಿದ್ದನಂತೆ. ಅಕ್ಕ ನನ್ನನ್ನು ಹುಡುಕುವ ಶ್ರಮವನ್ನೇನೂ ಪಡಲಿಲ್ಲ. ನಿಲ್ದಾಣದಲ್ಲಿ ಬಸ್ಸಿನಿಂದ ಇಳಿದಳು, ಬೆಂಚಿನ ಮೇಲೆ ಕಂಡೆ, ಬಂದು ಪಕ್ಕದಲ್ಲಿ ಕೂತಳು. ಏನಾಯಿತೆಂದು ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ತನ್ನ ಬುತ್ತಿಯ ಡಬ್ಬಿ ತೆಗೆದು ಮುಚ್ಚಳದಲ್ಲಿ ನನಗೆ ಅರ್ಧ ಚಿತ್ರಾನ್ನ ಹಾಕಿದಳು.

"ಹನ್ನೊಂದೂವರೆ ತಂಕ ಕಾದೆ ಸಿಸ್ಟ್ರೇ. ಡಬ್ಬಿ ವಾಪಸ್ ಕಳಿಸ್ದೆ. ಐಸ್ ಕರಗೋದ್ರೆ ಲಸಿಕೆ ಹಾಳಾಗ್ತದಲ."

"ತಾಯಂದಿರಿಗೆ ಏನಂದೆ?"

"ನಿಮಗೆ ಜ್ವರ ಅಂದೆ."

ಉಣ್ಣಲು ತುತ್ತು ಕಲಸಿದವಳು ಹಾಗೇ ಕೂತೆ. "ಅಕ್ಕಾ, ನಂಗೆ ಸಾಕಾಗಿದೆ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ನಂಗೂ" ಎಂದಳು ಅಕ್ಕ.

ಡಬ್ಬಿಯನ್ನು ಪಕ್ಕಕ್ಕಿಟ್ಟು ಅವಳೇ ಶುರುಮಾಡಿದಳು. "ಆ ಹುಡುಗಿ ನನ್ ಕೈ ಹಿಡ್ಕಂಡಿತ್ತು. ದಾರೀಲಿ. ನೀರು ಕೇಳ್ತು. ಕೊಡ್ಬ್ಯಾಡಿ ಅಂದಿದ್ರು ಅಂತ ನಾನು ಕೊಡ್ಲಿಲ್ಲ. ಆಮೇಲೆ ಕೈ ಸಡ್ಲ ಆತು. ನಾನು ಬಿಡ್ಲಿಲ್ಲ, ಹಿಡ್ಕಂಡೇ ಕೂತಿದ್ದೆ. ಎಂತಕ್ಕೆ ಹಿಡ್ಕಂಡಿದ್ನೋ. ಒಂದು ಗುಟುಕು ನೀರು ಸಿಸ್ಟ್ರೇ. ಊಟಕ್ಕೆ ಕೂತಾಗೆಲ್ಲ ನೆನಪಾಗ್ತದೆ, ಲೋಟ ಎತ್ತಕ್ಕೆ ಆಗಲ್ಲ."

ನಾನು ಫೋನಿಟ್ಟು ಎಂಟು ಜನರ ಬಿಪಿ ನೋಡಿದ್ದನ್ನು ಹೇಳಿದೆ. ಪಟ್ಟಿಯ ಆರನೆಯ ಸಾಲನ್ನು ಹೇಳಿದೆ. ಮಾತ್ರೆ ತೋರಿಸಿದ ಮುದುಕಿಯ ವಿಷಯ ಹೇಳಿದೆ. ಆಗ ಅಳು ಬಂತು. ನಿಲ್ದಾಣದಲ್ಲಿ ಜನ ನೋಡುತ್ತಿದ್ದರು. ಯಾರೋ ಸತ್ತಿರಬೇಕೆಂದು ಒಬ್ಬ ಹೆಂಗಸು ನೀರಿನ ಬಾಟಲಿ ತಂದುಕೊಟ್ಟಳು. ಅಕ್ಕ ಅದನ್ನು ತೆಗೆದುಕೊಂಡು ಮೊದಲು ನನಗೆ ಕುಡಿಸಿ, ಆಮೇಲೆ ತಾನೂ ಕುಡಿದಳು.

ಮರುದಿನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಕರೆಸಿದರು. ಇನ್ನೂ ಮೂವತ್ತು ತುಂಬದ ಹುಡುಗ. ಹೊರಗೆ ಸಾಲು ನಿಂತಿತ್ತು. ಬಾಗಿಲು ಹಾಕಿಕೊಂಡು, "ಕೂತ್ಕೊಳ್ಳಿ ಸಿಸ್ಟರ್" ಎಂದರು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ.

"ಜ್ವರ ಅಂತ ಆಶಾ ಹೇಳಿದ್ರು. ಇತ್ತಾ?"

"ಇಲ್ಲ ಸಾರ್."

"ಹೇಳದೆ ಗೈರುಹಾಜರಾದ್ರೆ ನಾನು ನೋಟಿಸ್ ಕೊಡ್ಲೇಬೇಕು. ಕೊಡ್ತೀನಿ. ಉತ್ತರ ನೀವು ಬರೀಬೇಕು." ಪೆನ್ನು ಕೈಯಲ್ಲಿ ತಿರುಗಿಸಿದರು. "ಜ್ವರ ಅಂತ ಬರೆದ್ರೆ ಇವತ್ತೇ ಮುಗಿದುಹೋಗುತ್ತೆ. ನಿಜ ಬರೆದ್ರೆ ನಾನು ಅದನ್ನ ಹಿಡ್ಕೊಂಡು ಮೇಲೆ ಏನಾದ್ರೂ ಕೇಳಬಹುದು. ನಿಮ್ಮಿಷ್ಟ."

ನಿಜವನ್ನು ಹೇಗೆ ಬರೆಯುವುದು? ಅರ್ಜಿಯ ಭಾಷೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಮೂರು ಹಾಳೆ ಹರಿದು ಹಾಕಿ ನಾಲ್ಕನೆಯದರಲ್ಲಿ ಹೀಗೆ ಬರೆದೆ: 'ಮಾನ್ಯರೇ, ಸದರಿ ದಿನ ನಾನು ಬಸ್ಸಿನಲ್ಲಿದ್ದೆ. ನಿಲ್ದಾಣ ಬಂದಾಗ ಇಳಿಯಲು ನನ್ನಿಂದ ಆಗಲಿಲ್ಲ. ಎರಡು ವರ್ಷದಿಂದ ಎರಡು ಉಪಕೇಂದ್ರದ ಕೆಲಸ ಮಾಡುತ್ತಿದ್ದೇನೆ. ನನ್ನ ಪಟ್ಟಿಯ ತಾಯಿ ತೀರಿಕೊಂಡ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ರಜೆ ಬೇಕು.' ಡಾಕ್ಟರು ಅದನ್ನು ಎರಡು ಸಲ ಓದಿದರು. ಕಡೆಯ ಸಲ ರಜೆ ಹಾಕಿದ್ದು ಯಾವಾಗ ಎಂದು ಕೇಳಿದರು. ಮಾವ ತೀರಿಕೊಂಡಾಗ ಎಂದೆ. ಅದು ಯಾವಾಗ ಎಂದರು. ಲೆಕ್ಕ ಹಾಕಿದೆ, ಆರು ವರ್ಷವಾಗಿತ್ತು.

ಮೂರು ವಾರ ರಜೆ ಸಿಕ್ಕಿತು. ಅದರ ಜೊತೆಗೆ ಶಿವಮೊಗ್ಗದಲ್ಲಿ ಮನೋವೈದ್ಯರನ್ನು ನೋಡಬೇಕೆಂದು ಒಂದು ಚೀಟಿಯೂ. ಎಷ್ಟೋ ಬಾಣಂತಿಯರಿಗೆ ನಾನೇ ಹೇಳಿದ್ದೇನೆ: ಮನಸ್ಸಿಗೂ ಕಾಯಿಲೆ ಬರುತ್ತೆ, ನಾಚಿಕೊಳ್ಳಬೇಡಿ, ಡಾಕ್ಟರ ಹತ್ತಿರ ಹೋಗಿ ಎಂದು. ನನ್ನ ಸರದಿ ಬಂದಾಗ ಸೆರಗನ್ನು ತಲೆಯ ಮೇಲೆಳೆದುಕೊಂಡು, ಗೋಡೆಗೆ ಮುಖ ಮಾಡಿ ಆ ಸಾಲಿನಲ್ಲಿ ಕೂತಿದ್ದೆ. ಯಾರಾದರೂ ಪರಿಚಯದವರು ಕಂಡರೆ, ರೋಗಿಯನ್ನು ಕರೆತಂದಿದ್ದೇನೆ ಎಂದು ಹೇಳುವುದೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ. ಜೊತೆಗೆ ಬಂದಿದ್ದ ಗಂಡ ಪೇಪರು ಹಿಡಿದು ಕೂತಿದ್ದರು, ಒಂದು ಗಂಟೆ ಹೊತ್ತು ಒಂದೇ ಪುಟ. ಒಳಗಿದ್ದ ವೈದ್ಯೆ ಹೆಚ್ಚೇನೂ ಹೇಳಲಿಲ್ಲ, ಕೇಳಿದರು. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಬದುಕು ಬೇಡ ಅನ್ನಿಸಿದೆಯೇ. ಇಲ್ಲ, ಬೇಡ ಅನ್ನಿಸಿಲ್ಲ, ಬೇಕು ಅಂತಲೂ ಅನ್ನಿಸಿಲ್ಲ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಒಂದು ಮಾತ್ರೆ ಕೊಟ್ಟರು. ಎರಡು ವಾರಕ್ಕೊಮ್ಮೆ ಬಂದು ಮಾತಾಡಬೇಕು ಎಂದರು.

ರಜೆಯ ಮೊದಲ ವಾರ ಬರೀ ನಿದ್ದೆ. ಎದ್ದು ಕೂತರೆ ಗೋಡೆ ನೋಡುವುದು. ಅತ್ತೆಗೆ ಹೇಗೆ ಹೇಳುವುದೆಂದು ನಾವು ಗುಸುಗುಸು ಮಾಡುತ್ತಿದ್ದದ್ದು ಅವರಿಗೆ ಕೇಳಿಸಿತ್ತು. ಒಂದು ಬೆಳಿಗ್ಗೆ ನನ್ನ ಹಾಸಿಗೆಯ ಹತ್ತಿರ ಬಂದು ನಿಂತರು.

"ಏನವ್ವ, ನಿನಗ ಏನಾಗೈತೆ ಅಂತ ನನಗ ತಿಳಿಯಂಗಿಲ್ಲ. ತಿಳೀದೇ ಇದ್ರೂ ಪರವಾಗಿಲ್ಲ, ಮಲ್ಕೊ. ಓಣಿಯೋರು ಕೇಳಿದ್ರೆ ಬೆನ್ನುನೋವು ಅಂದೀನಿ. ನೀನೂ ಹಂಗ ಅನ್ನು, ಇಬ್ರುದೂ ಒಂದೇ ಮಾತಿರ್ಲಿ."

ಆಮೇಲೆ ಓಣಿಯ ಹೆಂಗಸರು ಬೆನ್ನಿಗೆಂದು ಎಣ್ಣೆ, ಸೊಪ್ಪು ತಂದುಕೊಟ್ಟರು. ಮಗಳು ಅದನ್ನು ನೋಡಿ ನಕ್ಕಳು. ಬಹಳ ದಿನದ ಮೇಲೆ ನಾನೂ ನಕ್ಕೆ. ನಕ್ಕು ಸುಸ್ತಾಗಿ ಮತ್ತೆ ಮಲಗಿದೆ. ರಜೆ ಹಾಕಿದರೆ ಆಯಾಸ ಕಳೆಯುತ್ತದೆ ಎಂದುಕೊಂಡಿದ್ದೆ. ಆದರೆ ಅದುವರೆಗೆ ಕಾಣದ ಆಯಾಸವೆಲ್ಲ ರಜೆಯಲ್ಲಿಯೇ ಕಂಡಿತು.

ಮೂರು ವಾರ ಕಳೆದು ಕೆಲಸಕ್ಕೆ ಹೋದ ದಿನವೇ ಅಕ್ಕನನ್ನು ಕರೆದುಕೊಂಡು ಆ ಕೂಸಿನ ಮನೆಗೆ ಹೋದೆ. ಬೇರೆ ನರ್ಸು ಬಂದು ಅದಕ್ಕೆ ತಡವಾಗಿ ಚುಚ್ಚುಮದ್ದು ಹಾಕಿ ಹೋಗಿದ್ದಳು. ಆದರೂ ಹೋಗಬೇಕಿತ್ತು. ಅಜ್ಜಿ ಅಂಗಳದಲ್ಲಿ ಬತ್ತ ಕೇರುತ್ತಿದ್ದಳು. ಮೊರ ಕೆಳಗಿಟ್ಟು, "ಜ್ವರ ಹ್ಯಾಂಗೈತಿ ಸಿಸ್ಟ್ರೇ?" ಎಂದಳು.

"ಜ್ವರ ಇರ್ಲಿಲ್ಲಮ್ಮ. ಬಸ್ಸಲ್ಲೇ ಇದ್ದೆ. ನಿಮ್ಮನ್ನೂ ಮಗೂನೂ ನೋಡಿದೆ. ನೋಡಿದ ಮೇಲೆ ಇಳಿಯೋಕೆ ಆಗ್ಲಿಲ್ಲ. ಬಿಸಿಲಲ್ಲಿ ಕಾಯಿಸಿದೆ, ತಪ್ಪಾಯ್ತು."

ಅಜ್ಜಿ ಕೈಗೆ ಹತ್ತಿದ ಹೊಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಬೈಯಲಿ ಎಂದು ಕಾಯುತ್ತ ನಿಂತೆ. ಮಗನ ಹೆಂಡತಿಯನ್ನು ಕಳೆದುಕೊಂಡವಳು, ಬೈಯುವ ಹಕ್ಕಿತ್ತು. ಅವಳು ಜಗಲಿಗೆ ಬಂದು ಕೂತು, "ನಾನೂ ಅವತ್ತು ಎರಡು ಸಲ ಹೊರಟು ಎರಡು ಸಲ ವಾಪಸ್ ಬಂದೆ" ಎಂದಳು. "ನಿಮ್ ಮುಖ ಹ್ಯಾಂಗೆ ನೋಡದು ಅಂತ. ಅವಳನ್ನ ಕರ್ಕೊಂಡು ನಿಮ್ ಹತ್ರ ತಿಂಗ್ಳು ತಿಂಗ್ಳು ಬರ್ತಿದ್ದೆನಲ. ಮಗ ಬೈದು ಕಳಿಸ್ದ. ನೀವು ಬರ್ಲಿಲ್ಲ ಅಂದಾಗ ಒಂಥರಾ ಆರಾಮ್ ಆತು ನಂಗೆ."

ಒಳಗೆ ಹೋಗಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ನಾನು ತೂಕ ನೋಡಲಿಲ್ಲ, ಏನನ್ನೂ ಬರೆದುಕೊಳ್ಳಲಿಲ್ಲ. ಅಕ್ಕ ನೀರು ಕೇಳಿ ಕುಡಿದಳು. ನಾವು ಮೂವರೂ ಆ ಹುಡುಗಿಯ ವಿಷಯ ಮಾತಾಡಿದೆವು; ಅವಳ ಬಟ್ಟೆ ಚೀಲ, ಅವಳು ಮಾಡುತ್ತಿದ್ದ ಹುಳಿ, ನೋಯುವ ಹಲ್ಲನ್ನು ತೋರಿಸಲು ಅವಳು ಹೆದರುತ್ತಿದ್ದದ್ದು. ಅಷ್ಟು ಮಾತಾಡಲು ನಮಗೆ ಎರಡೂವರೆ ತಿಂಗಳು ಬೇಕಾಗಿತ್ತು.

ಅದಾದ ಕೆಲವು ದಿನಗಳಿಗೆ ಆರೋಗ್ಯ ಸಿಬ್ಬಂದಿಯ ಮಾನಸಿಕ ಸ್ವಾಸ್ಥ್ಯದ ಬಗ್ಗೆ ಒಂದು ದಿನದ ತರಬೇತಿ ಎಂದು ನಮ್ಮನ್ನೆಲ್ಲ ಕರೆದರು. ನನ್ನ ಪತ್ರದಿಂದಲೇ ಆಯಿತೋ, ಮೊದಲೇ ಗೊತ್ತುಮಾಡಿದ್ದೋ ತಿಳಿಯದು. ಹೊರಗಿನಿಂದ ಬಂದಿದ್ದ ತರಬೇತುದಾರರು ಒಳ್ಳೆಯ ಮನುಷ್ಯ. ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ, ನಿಧಾನವಾಗಿ ಬಿಡಿ ಎಂದರು. ನೂರು ಹೆಂಗಸರು ಉಸಿರೆಳೆದುಕೊಂಡೆವು. ಅಲ್ಲಲ್ಲಿ ಗೊರಕೆಯೂ ಕೇಳಿಸಿತು. ಕಡೆಯಲ್ಲಿ ಏನಾದರೂ ಪ್ರಶ್ನೆ ಇದೆಯೇ ಎಂದಾಗ ಅಕ್ಕ ಎದ್ದು ನಿಂತಳು. ಸಭೆಯಲ್ಲಿ ಎಂದೂ ಬಾಯಿ ತೆರೆದವಳಲ್ಲ.

"ಸಾರ್, ಉಸಿರು ಎಳ್ಕೊಳದು ಹೇಳಿಕೊಟ್ರಿ, ಒಳ್ಳೇದಾತು. ಯಾವ ಟೈಮಲ್ಲಿ ಎಳ್ಕೊಳದು ಅಂತನೂ ಹೇಳಿ. ಬೆಳಗ್ಗೆ ಐದಕ್ಕೆ ಏಳ್ತೀವಿ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಇನ್ನೊಂದು. ನಮ್ ಕೈಯಲ್ಲಿ ಯಾರಾದ್ರೂ ಹೋದ್ರೆ, ನೀವು ಪುಸ್ತಕ ಕೇಳ್ತೀರಿ. ಕೇಳ್ಬೇಕು, ಬ್ಯಾಡ ಅನ್ನಲ್ಲ. ಒಂದಿನ ತಡೆದು ಕೇಳಿ. ಮೊದ್ಲು ಊಟ ಮಾಡಿದ್ರಾ ಅಂತ ಕೇಳಿ."

ಮುಂದಿನ ಸಾಲಿನಲ್ಲಿದ್ದ ಮೇಲಧಿಕಾರಿ ಅದನ್ನು ಬರೆದುಕೊಂಡರು. ಬರೆದುಕೊಂಡದ್ದು ಎಲ್ಲಿಗೆ ಹೋಯಿತು ಎಂದು ನಮಗೆ ತಿಳಿಯಲಿಲ್ಲ. ನಮ್ಮ ಡಾಕ್ಟರು ಮಾತ್ರ ಆಮೇಲೆ ಎರಡು ಕೆಲಸ ಮಾಡಿದರು. ನನ್ನ ಎರಡನೆಯ ಉಪಕೇಂದ್ರವನ್ನು ಇಬ್ಬರು ನರ್ಸುಗಳಿಗೆ ವಾರ ಬಿಟ್ಟು ವಾರ ಹಂಚಿದರು; ಅವರು ಗೊಣಗಿದರು, ಗೊಣಗಬೇಕಾದದ್ದೇ. ಇನ್ನೊಂದು, ನಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ಸಾವಾದರೆ, ಆ ರೋಗಿಯನ್ನು ನೋಡಿಕೊಂಡಿದ್ದವರೆಲ್ಲ ಮರುದಿನ ಔಷಧಿ ದಾಸ್ತಾನಿನ ಕೋಣೆಯಲ್ಲಿ ಒಂದು ಗಂಟೆ ಕೂರುವುದು. ಪುಸ್ತಕ ತರುವಂತಿಲ್ಲ, ಫೋನು ಹೊರಗೆ. ಮಾತಾಡುವವರು ಮಾತಾಡುವುದು, ಇಲ್ಲದವರು ಚಹಾ ಕುಡಿಯುವುದು. ಆಂಬ್ಯುಲೆನ್ಸಿನ ಚಾಲಕ ಎರಡು ಸಲ ಬರೀ ಚಹಾ ಕುಡಿದ, ಮೂರನೆಯ ಸಲ ಎಲ್ಲರಿಗಿಂತ ಹೆಚ್ಚು ಮಾತಾಡಿದ.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ವರದಿಗೆ ಸಹಿ ಹಾಕಿಸಲು ಡಾಕ್ಟರ ಕೋಣೆಗೆ ಹೋಗಿದ್ದೆ. ಹೊರರೋಗಿಗಳ ಸಾಲು ಮುಗಿದಿತ್ತು. ಸಹಿ ಹಾಕುತ್ತ, ತಲೆ ಎತ್ತದೆ ಕೇಳಿದರು. "ಸಿಸ್ಟರ್, ಶಿವಮೊಗ್ಗದಲ್ಲಿ ನೀವು ಹೋಗ್ತಿದ್ರಲ್ಲ, ಆ ಡಾಕ್ಟರ ಹತ್ರ ಮೊದಲೇ ಹೇಳಿ ಹೋಗ್ಬೇಕಾ?"

ರೋಗಿಗೆಂದುಕೊಂಡೆ. ಪೆನ್ನು ತೆಗೆದು, "ಯಾರಿಗೆ ಸಾರ್? ಯಾವ ಊರು?" ಎಂದೆ.

"ನಂಗೇ" ಎಂದರು.

ಆಗ ಅವರ ಮುಖವನ್ನು ಸರಿಯಾಗಿ ನೋಡಿದೆ. ನನ್ನ ರಜೆಗೆ ಮೇಲಿನವರ ಹತ್ತಿರ ಮಾತಾಡಿದವರು, ದಿನಕ್ಕೆ ನೂರು ರೋಗಿಗಳನ್ನು ಒಬ್ಬರೇ ನೋಡುವವರು. ಕಣ್ಣಿನ ಕೆಳಗೆ ಕಪ್ಪು ಹರಡಿತ್ತು. ಅದನ್ನು ಎಷ್ಟು ತಿಂಗಳಿನಿಂದ ದಿನಾ ನೋಡಿದ್ದೇನೆ, ಕಂಡಿರಲಿಲ್ಲ.

"ಹೇಳೋದೇನೂ ಬೇಡ ಸಾರ್" ಎಂದೆ. "ಮಂಗಳವಾರ ಹೋಗಿ, ಅವತ್ತು ಜನ ಕಮ್ಮಿ. ಆದ್ರೂ ಕಾಯಿಸ್ತಾರೆ, ತಿಂಡಿ ತಿಂದ್ಕೊಂಡು ಹೋಗಿ."

"ಯಾರಾದ್ರೂ ಪರಿಚಯದವರು ಸಿಕ್ಕಿದ್ರೆ?"

"ನಾನಂತೂ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ದೆ. ಕುತ್ತಿಗೆ ನೋಯುತ್ತೆ ಸಾರ್. ನೆಟ್ಟಗೆ ಕೂತ್ಕೊಳ್ಳಿ."

ನಕ್ಕರು. ಮಂಗಳವಾರ ರಜೆ ಹಾಕಿ ಹೋದರು. ಆ ದಿನ ಬಂದ ರೋಗಿಗಳಿಗೆಲ್ಲ, ಡಾಕ್ಟರಿಗೆ ಹುಷಾರಿಲ್ಲ, ನಾಳೆ ಬನ್ನಿ ಎಂದು ಅಕ್ಕನೂ ನಾನೂ ಬಾಗಿಲಲ್ಲಿ ನಿಂತು ಹೇಳಿದೆವು. ತುರ್ತಿನವರನ್ನು ಸೊರಬಕ್ಕೆ ಕಳಿಸಿದೆವು. ಒಬ್ಬ ಗೌಡರು ಸಿಟ್ಟು ಮಾಡಿಕೊಂಡರು: "ಡಾಕ್ಟ್ರಿಗೂ ಹುಷಾರ್ ತಪ್ತದೇನ್ರಿ?"

"ತಪ್ತದ್ರಿ" ಎಂದಳು ಅಕ್ಕ. "ಕೂತ್ಕಳಿ, ಬಿಪಿ ನಾವೇ ನೋಡ್ತೀವಿ."

ಅವರು ಕೂತು ತೋಳು ಚಾಚಿದರು. ಸ್ವಲ್ಪ ಹೆಚ್ಚಿತ್ತು. ಮಾತ್ರೆ ತಪ್ಪಿಸಿದ್ದೀರಾ ಎಂದು ಕೇಳಿದೆ. ಎರಡು ದಿನ ಬಿಟ್ಟೆ ಎಂದರು. ನನಗೆ ಸಿಟ್ಟು ಬಂತು, ಜೋರಾಗಿಯೇ ಗದರಿದೆ.